ದಾರ್ಸೈಟ್‌ನವರು ಟ್ರೌಟ್ ಹಿಡಿಯಲು ಹೋದದ್ದು

ಹೋದ ಗುರುವಾರ ಸಂಜೆ ಬೌಷರ್‌ನ ಮಾಲೊಂದರಲ್ಲಿ ಮೀನಿನ ಕೌಂಟರ್ ಎದುರು ಸುಮ್ಮನೆ ನಿಂತುಬಿಟ್ಟೆ. ಇದೇನು ಮಹಾ ಸಂಗತಿ ಎಂದು ನೀವು ಕೇಳಬಹುದು. ನಾನು ಗದಗ ಕಡೆಯವಳು. ಮೀನನ್ನು ಬಾಯಿಗಿರಲಿ, ಬೆರಳಿಗೂ ಸೋಕಿಸಿದವಳಲ್ಲ. ಮಸ್ಕತ್ತಿಗೆ ಬಂದ ಇಷ್ಟು ವರ್ಷಗಳಲ್ಲಿ ಆ ಕೌಂಟರನ್ನು ದುಪಟ್ಟಾ ಮೂಗಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಓಡುನಡಿಗೆಯಲ್ಲೇ ದಾಟಿದ್ದೇನೆ. ಅವತ್ತು ಕೌಂಟರಿನವನು ಸಲಿಕೆಯಲ್ಲಿ ಐಸಿನ ಪುಡಿ ಎತ್ತಿ ಎತ್ತಿ ಮೀನುಗಳ ಮೇಲೆ ಸುರಿಯುತ್ತಿದ್ದ. ಹೊರಗೆ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಬಿಸಿಲು, ಒಳಗೆ ಈ ಬಿಳಿಯ ಗುಡ್ಡೆ. ಅದರ ನಡುವೆ ಮೈತುಂಬ ಚುಕ್ಕೆಯಿದ್ದ, ಪಕ್ಕೆಯುದ್ದಕ್ಕೂ ಮಾಸಿದ ಗುಲಾಬಿ ಪಟ್ಟಿಯಿದ್ದ ನಾಲ್ಕು ಮೀನುಗಳು ಸಾಲಾಗಿ ಮಲಗಿದ್ದವು.

"ಟ್ರೌಟ್, ಮ್ಯಾಡಂ. ಬಹುತ್ ಫ್ರೆಶ್," ಎಂದ ಕೌಂಟರಿನವನು.

ಪಕ್ಕದಲ್ಲಿದ್ದ ಮಗಳು ಮೇಘಾ ಫೋನಿನಿಂದ ತಲೆ ಎತ್ತಿ ಮೀನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅಮ್ಮಾ, ಲೆಟ್ಸ್ ಗೋ," ಎಂದು ತಳ್ಳುಗಾಡಿಯನ್ನು ತಾನೇ ತಿರುಗಿಸಿಕೊಂಡು ಹೊರಟಳು. ನಾವು ಬಂದದ್ದು ಮರುದಿನ ಕರುಣಾಕರ ಅವರ ಮನೆಯ ಊಟಕ್ಕೆ ಒಯ್ಯಲು ಹಣ್ಣು ಕೊಳ್ಳುವುದಕ್ಕೆ. ಹಣ್ಣಿನ ಕಡೆ ನಡೆದದ್ದೇನೋ ನಿಜ, ಆದರೆ ನನ್ನ ತಲೆಯಲ್ಲಿ ಆ ಚುಕ್ಕೆ ಮೀನುಗಳೇ ಈಜುತ್ತಿದ್ದವು.

ಕರುಣಾಕರ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ನಾವಿರುವುದು ದಾರ್ಸೈಟ್‌ನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಅವರು, ಹೆಂಡತಿ ಶಶಿಕಲಾ, ನಮ್ಮ ತಲೆಯ ಮೇಲೆ, ನಾಲ್ಕನೆಯದರಲ್ಲಿ. ಊರು ಮಲ್ಪೆಯ ಹತ್ತಿರ, ಮನೆಮಾತು ತುಳು. ದಿನಸಿ ಗೋದಾಮುಗಳಿಗೆ ಕೋಲ್ಡ್ ರೂಮ್ ಕಟ್ಟಿಕೊಡುವ ಕಂಪನಿಯೊಂದರಲ್ಲಿ ಕೆಲಸ. ಅಂದರೆ ಮರುಭೂಮಿಯಲ್ಲಿ ಚಳಿ ಮಾರುವವರು. ಈ ಕಾರಣಕ್ಕೆ ಭೂಮಿಯ ಮೇಲಿನ ಸಕಲ ಚಳಿಯೂ ತಮ್ಮ ಅಧೀನದಲ್ಲಿದೆ ಎಂದು ಅವರು ನಂಬಿದ್ದರು. ಮಲ್ಪೆಯವರಾದ್ದರಿಂದ ಸಕಲ ಮೀನುಗಳೂ. "ಟೀಚರೇ, ಮೀನು ನಮ್ಮ ರಕ್ತದಲ್ಲೇ ಉಂಟು," ಎನ್ನುವುದು ಅವರ ನಿತ್ಯದ ಮಂತ್ರ. ಅವರ ತಂದೆ ಊರಲ್ಲಿ ಟೈಲರ್ ಆಗಿದ್ದರು ಎಂಬ ವಿಷಯವನ್ನು ಶಶಿಕಲಾ ಒಮ್ಮೆ ಚಹಾ ಸೋಸುತ್ತ ಬಾಯಿತಪ್ಪಿ ಹೇಳಿದ್ದಳು.

ಶುಕ್ರವಾರ ಬೆಳಗ್ಗೆ ಅವರು ಗಾಳ, ಟೋಪಿ, ಕಪ್ಪು ಕನ್ನಡಕಗಳೊಂದಿಗೆ ಸಮುದ್ರದ ಕಡೆ ಹೊರಡುತ್ತಿದ್ದರು. ಹತ್ತೂವರೆಗೆಲ್ಲ ಚೀಲ ತುಂಬ ಮೀನಿನೊಂದಿಗೆ ಲಿಫ್ಟಿನಲ್ಲಿ ಸಿಗುತ್ತಿದ್ದರು. ಒಮ್ಮೆ ಆ ಚೀಲದಿಂದ ಮತ್ರಾ ಮೀನು ಮಾರುಕಟ್ಟೆಯ ರಸೀದಿ ನನ್ನ ಕಾಲ ಬಳಿಯೇ ಬಿತ್ತು. ಎತ್ತಿ ಕೊಟ್ಟೆ. "ಐಸ್ ತಗೊಂಡದ್ದು, ಐಸ್," ಎಂದು ಜೇಬಿಗೆ ತುರುಕಿಕೊಂಡರು. ನಾನು ಮನೆಗೆ ಬಂದು ಇದನ್ನು ನಮ್ಮವರಿಗೆ ಅಭಿನಯಸಹಿತ ವರ್ಣಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೀಗೆ ಕರುಣಾಕರರನ್ನು ಆಡಿಕೊಳ್ಳುವುದು ನಮ್ಮ ಮನೆಯ ಸಂಜೆಯ ತಿಂಡಿಯಾಗಿತ್ತು, ಬಡಿಸುವವಳು ನಾನು.

ಇಷ್ಟು ಹೇಳಿದ ಮೇಲೆ ನನ್ನ ಬಗೆಗೂ ಹೇಳಬೇಕು. ನಾನು ಇಲ್ಲಿನ ಒಂದು ಶಾಲೆಯಲ್ಲಿ ಫಿಜಿಕ್ಸ್ ಕಲಿಸುತ್ತೇನೆ. ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಸಾಂದ್ರ, ಅದಕ್ಕೇ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಅದಕ್ಕೇ ಕೆಳಗಿನ ಮೀನು ಬದುಕುತ್ತದೆ ಎಂಬುದನ್ನು ಪ್ರತಿವರ್ಷ ಎರಡೆರಡು ಸೆಕ್ಷನ್‌ಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವಳು. ಹೆಪ್ಪುಗಟ್ಟಿದ ಕೆರೆಯನ್ನು ಕಣ್ಣಿಂದ ಕಂಡವಳಲ್ಲ. ಗದಗಿನಲ್ಲಿ ಕೆರೆ ತುಂಬುವುದೇ ಕಷ್ಟ, ಹೆಪ್ಪುಗಟ್ಟುವುದು ದೂರದ ಮಾತು. ಆದರೆ ಚಾಕ್‌ಪೀಸ್ ಹಿಡಿದವರಿಗೆ ಒಂದು ರೋಗವಿದೆ ನೋಡಿ. ಬರೆದ ಚಿತ್ರವನ್ನೇ ನೋಡಿ ನೋಡಿ, ಕೊನೆಗೆ ಆ ಕೆರೆಯ ದಡದಲ್ಲೇ ಹುಟ್ಟಿ ಬೆಳೆದವರಂತೆ ಮಾತಾಡತೊಡಗುತ್ತೇವೆ.

ಸುಮಾರು ಎರಡು ವರ್ಷದ ಹಿಂದೆ, ಆಗಸ್ಟಿನಲ್ಲಿ, ಕರುಣಾಕರ ಒಂದು ವೀಡಿಯೋ ನೋಡಿದರು. ಎಲ್ಲೋ ಒಬ್ಬ ಗಡ್ಡದವನು ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಟೂಲ್ ಹಾಕಿ ಕೂತು, ಐಸಿನಲ್ಲಿ ತೂತು ಕೊರೆದು, ಆ ತೂತಿನಿಂದ ಟ್ರೌಟ್ ಎಳೆಯುತ್ತಿದ್ದ. ಮರುದಿನವೇ ನಮ್ಮ ಮನೆಯ ಬಾಗಿಲು ತಟ್ಟಿದರು.

"ಟೀಚರೇ, ಜಾರ್ಜಿಯಾ! ನಮ್ಮ ರೆಸಿಡೆಂಟ್ ಕಾರ್ಡ್ ಇದ್ರೆ ವೀಸಾ ಕೂಡ ಬೇಡ. ಚಳಿಗಾಲದ ರಜೆಗೆ ಹೋಗುವ. ಐಸ್ ನಾನು ನೋಡಿಕೊಳ್ತೇನೆ, ಮೀನೂ ನಾನೇ ನೋಡಿಕೊಳ್ತೇನೆ. ನೀವು ಬ್ಯಾಗ್ ತಗೊಂಡು ಬಂದ್ರೆ ಆಯ್ತು, ಖಲಾಸ್."

ನಮ್ಮವರು ಇನ್ಶೂರೆನ್ಸ್ ಸರ್ವೇಯರ್. ಒಡೆದದ್ದು, ಸುಟ್ಟದ್ದು, ಮುಳುಗಿದ್ದು, ಇವನ್ನೆಲ್ಲ ನೋಡಿ ವರದಿ ಬರೆಯುವುದು ಅವರ ಕೆಲಸ. ಹಾಗಾಗಿ ಲೋಕದಲ್ಲಿ ಯಾವುದನ್ನೂ ಅವರು ಪೂರ್ತಿ ನಂಬುವುದಿಲ್ಲ. "ನೀರಿನ ಮ್ಯಾಲೆ ಕುಂದ್ರೂದು ಯಾಕ್ರಿ, ದಂಡಿ ಮ್ಯಾಲೆ ಜಾಗಾ ಇಲ್ಲೇನು?" ಎಂದು ಕೇಳಿದರು. ಹೋಗೋಣವೆಂದು ಮೊದಲು ಹೇಳಿದವಳು ನಾನೇ. ಬೋರ್ಡಿನ ಮೇಲಿನ ಕೆರೆಯನ್ನು ಒಮ್ಮೆ ತುಳಿದು ಬರುವ ಆಸೆ.

ಅಕ್ಟೋಬರಿನಲ್ಲಿ ರೂವಿಯ ಅಂಗಡಿಯಲ್ಲಿ ದಪ್ಪ ಜಾಕೆಟ್‌ಗಳನ್ನು ಕೊಂಡೆವು. ಅವುಗಳನ್ನು ಪರೀಕ್ಷೆ ಮಾಡದೆ ಒಯ್ಯುವುದು ಮೂರ್ಖತನ ಎಂದು ಕರುಣಾಕರ ಫರ್ಮಾನು ಹೊರಡಿಸಿದರು. ಒಂದು ಶುಕ್ರವಾರ ಬೆಳಗ್ಗೆ ನಮ್ಮೆಲ್ಲರನ್ನೂ ತಮ್ಮ ಕಂಪನಿ ಕಟ್ಟಿದ ಹೊಸ ಕೋಲ್ಡ್ ರೂಮಿಗೆ ಕರೆದೊಯ್ದರು. ಹೊರಗೆ ನೆಲದಿಂದ ಝಳ ಏಳುತ್ತಿತ್ತು. ನಾವು ಐದು ಜನ ಜಾಕೆಟ್, ಟೋಪಿ, ಕೈಗವಸು ಧರಿಸಿ, ಬೆವರು ಸುರಿಸುತ್ತ ಸಾಲಾಗಿ ನಿಂತಿದ್ದೆವು. ಕಾವಲುಗಾರ ನಮ್ಮನ್ನು ನೋಡಿ ಎದ್ದು ನಿಂತ, ಆಮೇಲೆ ಏನೂ ಕೇಳದಿರುವುದೇ ಕ್ಷೇಮ ಎನಿಸಿ ಕೂತ.

ಬಾಗಿಲಲ್ಲೇ ನಮ್ಮವರು ತಡೆದರು. "ಒಳಗಿಂದ ತೆಗಿಯೂ ಹಿಡಿಕಿ ಎಲ್ಲೈತಿ, ಮೊದಲ ಅದನ್ನ ತೋರಸ್ರಿ."

"ನಿಮಗೆ ಎಂತ ಸಂಶಯ ಮಾರಾಯ್ರೆ! ಐಸ್ ನನ್ನ ಮಾತು ಕೇಳ್ತದೆ," ಎಂದು ಕರುಣಾಕರ ಒಳನಡೆದರು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಕೋಳಿಯ ಪೆಟ್ಟಿಗೆಗಳ ಮತ್ತು ಬಟಾಣಿ ಚೀಲಗಳ ನಡುವೆ ನಿಂತು, ಚಳಿಯಲ್ಲಿ ಉಸಿರಾಡುವ ವಿಧಾನದ ಮೇಲೆ ಅವರು ಭಾಷಣ ಮಾಡಿದರು. ನಾನು ನಡುವೆ ಬಾಯಿ ಹಾಕಿ, ಉಷ್ಣವಾಹಕತೆಯ ಬಗ್ಗೆ ಅವರು ಹೇಳಿದ ಎರಡು ತಪ್ಪುಗಳನ್ನು ತಿದ್ದಿದೆ. ನಮ್ಮವರು ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಏಳನೆಯ ನಿಮಿಷಕ್ಕೆ ಮೇಘಾ, "ದಿಸ್ ಈಸ್ ಸೋ ಎಂಬರಾಸಿಂಗ್," ಎಂದು ಹೊರಟುಹೋದಳು. ಅವಳಿಗೆ ಆಗ ಹನ್ನೆರಡು.

ಡಿಸೆಂಬರ್ ಕೊನೆಯಲ್ಲಿ ನಾವು ಆ ಸರೋವರಕ್ಕೆ ತಲುಪಿದೆವು. ಮರಗಳಿಲ್ಲದ ಬೋಳು ಬೆಟ್ಟಗಳ ನಡುವೆ ಎತ್ತರದಲ್ಲಿತ್ತು. ಒಮಾನಿನ ಬೆಟ್ಟಗಳೇ ಬಿಳಿ ಬಟ್ಟೆ ಉಟ್ಟು ನಿಂತ ಹಾಗೆ. ದಡದಲ್ಲಿ ಕಲ್ಲಿನ ಗುಡಿಸಲು, ಅದರ ಚಿಮಣಿಯಲ್ಲಿ ಹೊಗೆ. ಅಲ್ಲಿದ್ದವನು ವಾನೋ ಎಂಬ ಮುದುಕ, ಜೊತೆಗೆ ಅವನ ಹೆಂಡತಿ. ಅವನಿಗೆ ನಮ್ಮ ಯಾವ ಭಾಷೆಯೂ ಬಾರದು, ನಮಗೆ ಅವನದು ಬಾರದು. ಅವನು ತನ್ನ ಫೋನಿಗೆ ಏನೋ ಹೇಳುತ್ತಿದ್ದ, ಫೋನು ಒಬ್ಬ ಹೆಂಗಸಿನ ದನಿಯಲ್ಲಿ ಅದನ್ನು ಹರಕು ಇಂಗ್ಲಿಷಿಗೆ ತಿರುಗಿಸುತ್ತಿತ್ತು. ಕರುಣಾಕರ ಅದೇ ಫೋನಿಗೆ, "ಐ ಯಾಮ್ ಐಸ್ ಎಕ್ಸ್‌ಪರ್ಟ್ ಫ್ರಮ್ ಒಮಾನ್," ಎಂದರು. ಫೋನು ಅದನ್ನು ಹೇಗೆ ತಿರುಗಿಸಿತೋ, ಮುದುಕನ ಹೆಂಡತಿ ಸೆರಗಿನಂಥ ಶಾಲಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಈಗ ಐಸಿನ ವಿಚಾರ. ಗಾಳಿ ಹಿಮವನ್ನು ಗುಡಿಸಿ ಹಾಕಿದ ಕಡೆಯೆಲ್ಲ ಐಸು ಕಪ್ಪಗೆ, ಗಾಜಿನಂತೆ ಇತ್ತು. ಕೆಳಗೆ ಓಲಾಡುವ ಜೊಂಡು ಕಾಣಿಸುತ್ತಿತ್ತು. ಅದರ ಮೇಲೆ ಕಾಲಿಡುವುದೆಂದರೆ ನೀರಿನ ಮೇಲೆ ಕಾಲಿಟ್ಟ ಹಾಗೆ. ಎಡಗಡೆ, ಹಳ್ಳವೊಂದು ಬಂದು ಕೂಡುವಲ್ಲಿ, ಹಿಮ ಹೊದ್ದ ಬಿಳಿಯ ಬಯಲು, ನೋಡಲು ಸಿಮೆಂಟ್ ಹಾಕಿದ ಅಂಗಳದಷ್ಟು ಗಟ್ಟಿ. ವಾನೋ ನಮ್ಮನ್ನು ಕರೆದೊಯ್ದದ್ದು ಕಪ್ಪಿನ ಮೇಲೆ. ಹೊರಡುವ ಮೊದಲು ಬಿಳಿಯ ಕಡೆ ಕೈ ತೋರಿಸಿ, ಎದೆಯ ಮುಂದೆ ಎರಡೂ ತೋಳುಗಳನ್ನು ಅಡ್ಡ ಹಾಕಿ ತೋರಿಸಿದ. ಆಗ ಅವನ ಕೈಯಲ್ಲಿ ಫೋನ್ ಇರಲಿಲ್ಲ. ಅದು ಬೇರೆ ಯಾರದೋ ಪಾಲಿನ ಜಾಗವಿರಬೇಕು ಎಂದು ನಾನು ಎಲ್ಲರಿಗೂ ವಿವರಿಸಿದೆ. ಕೇಳದೆಯೇ ವಿವರಿಸುವುದು ನನ್ನ ಅಭ್ಯಾಸ.

ನಮ್ಮವರು ದಡ ಬಿಟ್ಟು ಕದಲಲಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತರು. ಶಶಿಕಲಾ ಗುಡಿಸಲ ಒಲೆಯ ಮುಂದೆ. ಐಸಿನ ಮೇಲೆ ಹೋದವರು ಕರುಣಾಕರ, ನಾನು, ಮೇಘಾ. ನಡುನಡುವೆ ಐಸು ಎಲ್ಲೋ ದೂರದಲ್ಲಿ ಗುಂಯ್ ಎನ್ನುತ್ತಿತ್ತು, ತಗಡಿನ ಮಾಡಿಗೆ ಯಾರೋ ಕಲ್ಲೆಸೆದ ಹಾಗೆ. ನಾನು ಮೇಘಾಳ ತೋಳು ಹಿಡಿದುಕೊಂಡೆ. "ಇಟ್ಸ್ ಓಕೆ ಅಮ್ಮಾ, ಹಿ ಈಸ್ ವಾಕಿಂಗ್," ಎಂದು ಮೇಘಾ ಮುದುಕನ ಕಡೆ ತೋರಿಸಿದಳು. ಅವನು ನಡೆದಲ್ಲಿ ನಡೆದರಾಯಿತು ಎಂಬ ಸರಳ ಬುದ್ಧಿ ಆ ಹನ್ನೆರಡು ವರ್ಷದವಳಿಗಿತ್ತು.

ವಾನೋ ಉದ್ದನೆಯ ಬೈರಿಗೆಯಿಂದ ಎರಡು ತೂತು ಕೊರೆದ. ಐಸು ಒಂದು ಗೇಣು ದಪ್ಪವಿತ್ತು. ಪೂರಿ ಎತ್ತುವ ಜಾಲರಿ ಸೌಟಿನಂಥದರಿಂದ ತೂತಿನ ಮೇಲಿನ ಐಸಿನ ಚೂರು ತೆಗೆದು, ಮೊಳದುದ್ದದ ಗಾಳವೊಂದನ್ನು ಕರುಣಾಕರರ ಕೈಗೆ ಕೊಟ್ಟು, ತಾನು ಇನ್ನೊಂದರ ಮುಂದೆ ಕೂತ. ಅರ್ಧ ಗಂಟೆಗೆ ಮುದುಕನ ಗಾಳಕ್ಕೆ ಒಂದು ಟ್ರೌಟ್ ಬಿತ್ತು. ಇನ್ನರ್ಧ ಗಂಟೆಗೆ ಇನ್ನೊಂದು. ಕರುಣಾಕರರ ದಾರ ಕದಲಲಿಲ್ಲ. ಮೊದಲು ಅವರು ಗಾಳವನ್ನು ಬೈದರು, ಆಮೇಲೆ ಎರೆಯನ್ನು, ಆಮೇಲೆ ಜಾರ್ಜಿಯಾದ ಮೀನುಗಳ ಸಂಸ್ಕಾರವನ್ನು. ಕೊನೆಗೆ ಸುಮ್ಮನಾದರು. ಅವರು ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೋ ಒಳಗೊಳಗೇ ಖುಷಿ. ಊರಿಗೆ ಹೋಗಿ ಹೇಳಲು ಇಷ್ಟು ಸಾಕಲ್ಲ!

ವಾನೋ ಚಹಾ ತರಲೆಂದು ಗುಡಿಸಲಿಗೆ ಹೋದ. ಹೋಗುವಾಗ ಅಂಗೈ ತೋರಿಸಿ, ಇಲ್ಲೇ ಇರಿ ಎಂದು ಸನ್ನೆ ಮಾಡಿದ.

ಕರುಣಾಕರ ತಲೆ ಎತ್ತಿದರು. ಯಾವತ್ತೂ ಯಾರನ್ನೂ ಏನನ್ನೂ ಕೇಳದ ಮನುಷ್ಯ, ಅವತ್ತು ನನ್ನನ್ನು ಕೇಳಿದರು. "ಟೀಚರೇ, ನಿಮಗೆ ಎಂತ ಕಾಣ್ತದೆ? ಮೀನು ಇಲ್ಲಿ ಇಲ್ವಾ?"

ಒಬ್ಬ ಬಡಾಯಿಗಾರ ಸೋತು ಬಂದು ನಿಮ್ಮ ಮುಂದೆ ಕೈ ಚಾಚಿದರೆ ಎಷ್ಟು ಹಿತವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಕ್ಲಾಸಿನಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತೆ.

"ಮೀನು ಅಲ್ಲಿರ್ತಾವ್ರಿ," ಎಂದು ಬಿಳಿಯ ಕಡೆ ಕೈ ಮಾಡಿದೆ. "ಹಳ್ಳದ ನೀರು ಅಲ್ಲೇ ಬಂದು ಕೂಡ್ತೈತಿ. ಹರಿಯೂ ನೀರಾಗ ಆಕ್ಸಿಜನ್ ಹೆಚ್ಚು."

"ಐಸ್? ಅಲ್ಲಿ ಗಟ್ಟಿ ಉಂಟಾ?"

"ಇದಕ್ಕಿಂತ ಗಟ್ಟಿ ಐತಿ. ಇದು ಕರಿ ಯಾಕ ಕಾಣ್ತೈತಿ? ತೆಳ್ಳಗ ಐತಿ, ಕೆಳಗಿನ ನೀರು ಕಾಣ್ತೈತಿ. ಅದು ಬಿಳಿ ಐತಿ ಅಂದ್ರ ದಪ್ಪ ಐತಿ. ಹೋಗ್ರಿ, ಏನೂ ಆಗಂಗಿಲ್ಲ."

ಮೀನಿನ ಮಾತು ಸರಿಯಾಗಿತ್ತು. ಐಸಿನ ಮಾತು ತಲೆಕೆಳಗಾಗಿತ್ತು. ಗಾಜಿನಂಥ ಕಪ್ಪು ಐಸೇ ಗಟ್ಟಿ. ಹಿಮವೆಂದರೆ ಕಂಬಳಿ. ಅದನ್ನು ಹೊದ್ದ ಕಡೆ ಚಳಿ ಕೆಳಗಿಳಿಯುವುದಿಲ್ಲ, ಐಸು ಬೆಳೆಯುವುದಿಲ್ಲ. ಅದರ ಅಡಿಯಲ್ಲಿ ಹಳ್ಳದ ನೀರು ಹರಿಯುತ್ತಿದ್ದರಂತೂ ಕೇಳುವುದೇ ಬೇಡ. ಹಿಮ ಉಷ್ಣವನ್ನು ತಡೆಯುತ್ತದೆ ಎಂಬುದು ನಾನು ಕಲಿಸುವ ಪಾಠದ ಮುಂದಿನ ಪುಟದಲ್ಲೇ ಇದೆ. ಪರೀಕ್ಷೆಗೆ ಬರುವುದಿಲ್ಲವೆಂದು ಆ ಪುಟವನ್ನು ನಾನು ಯಾವಾಗಲೂ ಓಡಿಸಿಕೊಂಡು ಹೋಗುತ್ತಿದ್ದೆ.

ದಡದಿಂದ ನಮ್ಮವರು ಎದ್ದು ಕೂಗಿದರು. "ಕರುಣಾಕರಣ್ಣ, ಆ ಕಡೆ ಬ್ಯಾಡ! ಮುದುಕ ಬರ್ಲಿ!"

"ಇವ್ರಿಗೆ ಎಲ್ಲಾದರಾಗೂ ಕ್ಲೈಮೇ ಕಾಣ್ತೈತಿ," ಎಂದು ನಾನು ನಕ್ಕೆ. ಕರುಣಾಕರರೂ ನಕ್ಕರು. ಬೈರಿಗೆಯನ್ನು ಹೆಗಲಿಗೇರಿಸಿ ಹೊರಟರು. ಇಪ್ಪತ್ತು ಹೆಜ್ಜೆ. ಮೂವತ್ತು. ಬಿಳಿಯ ಮೇಲೆ ಅವರ ಹೆಜ್ಜೆ ಗುರುತುಗಳು ಮೂಡುತ್ತ ಹೋದವು.

ದೊಡ್ಡ ಸದ್ದೇನೂ ಆಗಲಿಲ್ಲ. ಹಪ್ಪಳ ಮುರಿದಷ್ಟೇ. ಒಂದು ಕ್ಷಣ ಇದ್ದರು, ಮರುಕ್ಷಣ ಎದೆಯಿಂದ ಮೇಲಷ್ಟೇ ಇದ್ದರು. ಎರಡೂ ತೋಳು ಐಸಿನ ಅಂಚಿನ ಮೇಲೆ, ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಅವರು ಕೈ ಊರಿದಂತೆಲ್ಲ ಅಂಚು ಮುರಿದು ಮುರಿದು ಬೀಳುತ್ತಿತ್ತು. ಆಮೇಲೆ "ಅಪ್ಪೇ" ಎಂದರು. ತುಳುವಿನಲ್ಲಿ ಅದು ಅಮ್ಮನನ್ನು ಕರೆಯುವುದು. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಸದ್ದು ಬಂದದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ನಾನು ಏನು ಮಾಡಿದೆ ಎಂದರೆ, ನಿಂತೆ. ಅಷ್ಟೇ. ಮೇಘಾ ಗುಡಿಸಲ ಕಡೆ ಕಿರುಚುತ್ತ ಓಡಿದಳು. ವಾನೋ ಆಗಲೇ ಹೊರಬಂದಿದ್ದ. ಗುಡಿಸಲ ಗೋಡೆಗೆ ಒಂದು ಮರದ ಏಣಿ ಒರಗಿಸಿತ್ತು, ಮಾಡು ಹತ್ತುವುದಕ್ಕೆ ಎಂದುಕೊಂಡಿದ್ದೆ. ಅದನ್ನು ಎಳೆದುಕೊಂಡು ಬಂದು ಐಸಿನ ಮೇಲೆ ತಳ್ಳಿ, ತಾನು ಹೊಟ್ಟೆಯ ಮೇಲೆ ಮಲಗಿ ತೆವಳತೊಡಗಿದ. ದಡ ಬಿಟ್ಟು ಕದಲೆನೆಂದಿದ್ದ ನಮ್ಮವರು ಕನ್ನಡಕ ಎಸೆದು ಓಡಿಬಂದು ಅವನ ಹಿಂದೆಯೇ ಮಲಗಿ, ಏಣಿಯ ಕೊನೆ ಹಿಡಿದರು. "ಮಲಕೋ! ನನ್ನ ಕಾಲು ಹಿಡಕೋ!" ಎಂದು ಅವರು ನನಗೆ ಕೂಗಿದಾಗಲೇ ನನ್ನ ಮೈಗೆ ಜೀವ ಬಂದದ್ದು. ಮಲಗಿದೆ. ಎರಡೂ ಪಾದ ಹಿಡಿದೆ. ಕೆನ್ನೆ ಐಸಿಗೆ ಅಂಟಿತ್ತು. ಕೆಳಗೆ ನೀರು ಹರಿಯುವ ಸದ್ದು ಕೇಳಿಸುತ್ತಿತ್ತು.

ಕರುಣಾಕರ ಏಣಿಯ ಮೆಟ್ಟಿಲು ಹಿಡಿದರು, ಜಾರಿದರು, ಮತ್ತೆ ಹಿಡಿದರು. ಎಷ್ಟು ಹೊತ್ತಾಯಿತೋ ತಿಳಿಯದು. ಹಸಿ ಮೂಟೆಯಂತೆ ಅವರನ್ನು ಎಳೆದುಕೊಂಡೆವು.

ಗುಡಿಸಲಲ್ಲಿ ವಾನೋನ ಹೆಂಡತಿ ಅವರ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಕುರಿಯ ಉಣ್ಣೆಯ ಕಂಬಳಿಗಳಲ್ಲಿ ಸುತ್ತಿ, ಒಲೆಗೆ ಸೌದೆ ತುಂಬಿದಳು. ಶಶಿಕಲಾ ಗಂಡನ ಅಂಗಾಲು ಉಜ್ಜುತ್ತ ತುಳುವಿನಲ್ಲಿ ಬೈಯುತ್ತಿದ್ದಳು, ಬೈಯುತ್ತ ಅಳುತ್ತಿದ್ದಳು. ಅವರ ಹಲ್ಲು ಕಟಕಟ ಎನ್ನುತ್ತಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೇಘಾ ಗೋಡೆಗೆ ಒತ್ತಿಕೊಂಡು ನಿಂತು, ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

ವಾನೋ ಫೋನ್ ತೆಗೆದು ಅದಕ್ಕೆ ಏನೋ ಹೇಳಿದ. ಫೋನಿನ ಹೆಂಗಸು ಶಾಂತವಾಗಿ, "ವೈಟ್ ಐಸ್ ಈಸ್ ಲಯರ್," ಎಂದಳು. ಆಮೇಲೆ, "ಹೂ ಟೋಲ್ಡ್ ಹಿಮ್ ಟು ಗೋ ದೇರ್?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ.

"ಮೀ," ಎಂದರು ಕರುಣಾಕರ ಕಂಬಳಿಯೊಳಗಿಂದ. "ಓನ್ಲಿ ಮೀ. ಐ ಯಾಮ್ ಎಕ್ಸ್‌ಪರ್ಟ್, ನೋ?"

ನಾನು ಬಾಯಿ ಮುಚ್ಚಿದೆ. ಒಲೆಗೆ ಸೌದೆ ಸಾಕೇ ಎಂದು ಬಗ್ಗಿ ನೋಡಿದೆ.

ಮಸ್ಕತ್ತಿಗೆ ಮರಳಿದ ಎರಡೇ ವಾರಕ್ಕೆ ಕರುಣಾಕರ ಎಂದಿನ ಕರುಣಾಕರ ಆದರು. ಕಥೆ ಹುಟ್ಟಿತು, ಬೆಳೆಯಿತು. ಲಿಫ್ಟಿನಲ್ಲಿ, ದೇವಸ್ಥಾನದ ಹೊರಗೆ ಚಪ್ಪಲಿ ಹುಡುಕುವಾಗ, ಕನ್ನಡದವರ ಕೂಟಗಳಲ್ಲಿ, ಎಲ್ಲೆಲ್ಲೂ ಅದೇ. ನೀರಿನ ಆಳ ತಿಂಗಳಿಗೆ ಒಂದಾಳಿನಂತೆ ಹೆಚ್ಚಿತು. ಕೈಗೆ ಸಿಕ್ಕಿ ತಪ್ಪಿಸಿಕೊಂಡ ಟ್ರೌಟ್ ಒಂದು ಹುಟ್ಟಿಕೊಂಡಿತು, ಮೊದಲು ಮೊಳದಷ್ಟು, ಯುಗಾದಿಯ ಹೊತ್ತಿಗೆ ಶಶಿಕಲಾಳಷ್ಟು. ಏಣಿಯ ತುದಿಯಲ್ಲಿದ್ದ ನಾವೆಲ್ಲ ಕ್ರಮೇಣ ಕರಗಿಹೋಗಿ, ಅವರು ಸ್ವಂತ ತೋಳ್ಬಲದಿಂದ ಮೇಲೆ ಬಂದರು. ಒಂದು ಸಂಗತಿ ಮಾತ್ರ ಯಾವ ಆವೃತ್ತಿಯಲ್ಲೂ ಬರಲಿಲ್ಲ. ಟೀಚರ್ ಹೇಳಿದರು, ನಾನು ಹೋದೆ, ಎಂಬುದು. ತಪ್ಪನ್ನು ಬೇರೆಯವರ ಮೇಲೆ ಹಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಕ್ಕಿರಲಾರದು. ಅದೂ ನಿಜವಾದ ತಪ್ಪು.

ನಾನು ಏನು ಮಾಡಿದೆ? ನಕ್ಕೆ. ಮೊದಲಿಗಿಂತ ಹೆಚ್ಚು ನಕ್ಕೆ. ಪ್ರತಿ ಕೂಟದಿಂದ ಬಂದ ಮೇಲೂ ಸೋಫಾದ ಮೇಲೆ ಕೂತು ಅವರ ದನಿಯಲ್ಲಿ, ಅವರ ಕೈಸನ್ನೆಯಲ್ಲಿ ಇಡೀ ಕಥೆಯನ್ನು ಆಡಿ ತೋರಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲೂ ಆಡಿದೆ. "ಚಳಿ ಮಾರುವವನಿಗೆ ಐಸ್ ಗೊತ್ತಾಗಲಿಲ್ಲ" ಎಂಬ ನನ್ನ ಮಾತು ಅಲ್ಲಿ ತುಂಬ ಜನಪ್ರಿಯವಾಯಿತು. ಒಂದು ಸಂಜೆ ನಮ್ಮವರು ಪೇಪರಿನಿಂದ ತಲೆ ಎತ್ತದೆ ಕೇಳಿದರು.

"ಅವರಿಗೆ ಹೋಗ್ರಿ ಅಂತ ನೀ ಹೇಳಿದ್ದಿ ಅಲ್ಲ? ದಂಡಿಗೆ ಕೇಳಿಸಿತ್ತು."

"ಅವರೇನು ಸಣ್ಣ ಕೂಸೇನ್ರಿ? ತಾವಾಗೇ ಹೋದ್ರು," ಎಂದೆ. ಅವರು ಪುಟ ತಿರುವಿದರು. ಅದು ನನಗೆ ಇಷ್ಟವಾಗಲಿಲ್ಲವಾದ್ದರಿಂದ ನಾನು ಆ ವಾರ ಅವರನ್ನೂ ಸ್ವಲ್ಪ ಆಡಿಕೊಂಡೆ.

ಒಂದೂವರೆ ವರ್ಷ ಹೀಗೇ ಕಳೆಯಿತು. ಹೋದ ಗುರುವಾರ ಮಾಲಿನಲ್ಲಿ ಆ ಮೀನುಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಬಡಾಯಿಯ ಕಥೆಯಲ್ಲ. ಕಂಬಳಿಯೊಳಗಿಂದ ಬಂದ "ಮೀ" ಎಂಬ ಒಂದೇ ಅಕ್ಷರ. ರಾತ್ರಿಯಿಡೀ ಅದು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತಿತ್ತು.

ಶುಕ್ರವಾರ ಮಧ್ಯಾಹ್ನ ಮೇಲಿನ ಮನೆಯ ಊಟಕ್ಕೆ ಹೋದೆವು. ಸೊಹಾರ್‌ನ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಕೆಲಸ ಮಾಡುವ ಶಶಿಕಲಾಳ ಅಣ್ಣ, ಅತ್ತಿಗೆ ಬಂದಿದ್ದರು. ನನಗೂ ನಮ್ಮವರಿಗೂ ಬೇರೆ ಪಾತ್ರೆಯಲ್ಲಿ ಕಡಲೆ ಮನೋಳಿ ಎಂಬ ತೊಂಡೆಕಾಯಿ ಪಲ್ಯ, ನೀರುದೋಸೆ. ಶಶಿಕಲಾ ಯಾವತ್ತೂ ಮರೆಯುವುದಿಲ್ಲ. ಪಾಯಸದ ಹೊತ್ತಿಗೆ ಕಥೆ ಆರಂಭವಾಯಿತು. ಕರುಣಾಕರ ಎದ್ದು ನಿಂತು, ಬೈರಿಗೆಯ ಬದಲು ಪೊರಕೆ ಹೆಗಲಿಗೇರಿಸಿಕೊಂಡು, ಬಿಳಿಯ ಐಸಿನ ಮೇಲೆ ಹೊರಟರು. "ನಾನು ಲೆಕ್ಕ ಹಾಕಿದೆ, ಬಾವ. ಮೀನು ಅಲ್ಲೇ ಇರುದು ಅಂತ..."

"ಲೆಕ್ಕ ಹಾಕಿದ್ದು ನಾನು," ಎಂದೆ.

ಎಲ್ಲರೂ ತಿರುಗಿದರು. ನನ್ನ ದನಿ ಕ್ಲಾಸಿನಲ್ಲಿ ಬರುವಂಥದ್ದಲ್ಲ, ಬೇರೆಯೇ ಆಗಿತ್ತು. "ಅಲ್ಲಿ ಹೋಗ್ರಿ, ಐಸ್ ಗಟ್ಟಿ ಐತಿ ಅಂತ ಹೇಳಿದಾಕಿ ನಾನು. ಇವರು ಕೇಳಿದ್ರು, ನಾ ಹೇಳಿದೆ. ನನಗ ಏನೂ ಗೊತ್ತಿರಲಿಲ್ಲ. ಇವರು ಸಾಯ್ತಿದ್ರು."

ಪೊರಕೆ ಹಿಡಿದಿದ್ದ ಕರುಣಾಕರ ಜೋರಾಗಿ ನಕ್ಕುಬಿಟ್ಟರು. "ಟೀಚರ್ ಜೋಕ್ ಮಾಡುದು! ನನ್ನನ್ನು ಬಚಾವ್ ಮಾಡ್ಲಿಕ್ಕೆ. ಭಾರಿ ಒಳ್ಳೆ ಮನಸ್ಸು ಇವರದ್ದು." ಸೊಹಾರ್‌ನವರೂ ನಕ್ಕರು. "ಟೀಚರ್‌ಗಳು ಹಾಗೇ ಅಲ್ವಾ," ಎಂದು ಅತ್ತಿಗೆ ನನ್ನ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದರು. ಇಷ್ಟು ತಡಮಾಡಿ ಹೇಳಿದ ನಿಜಕ್ಕೆ ನನಗೆ ಸಿಕ್ಕ ಶಿಕ್ಷೆ, ಒಳ್ಳೆಯವಳೆಂಬ ಹೆಸರು ಮತ್ತು ಒಂದು ಸೌಟು ಪಾಯಸ.

ನಮ್ಮವರು ಸೊಹಾರ್‌ನವರೊಂದಿಗೆ ಮಾತಿಗೆ ಕೂತರು. ನಾನೂ ಮೇಘಾಳೂ ಹೊರಟೆವು. ಮೇಘಾ ಮೆಟ್ಟಿಲಿಳಿಯತೊಡಗಿದಳು. ಕರುಣಾಕರ ಬಾಗಿಲವರೆಗೆ ಬಂದು ದನಿ ತಗ್ಗಿಸಿದರು.

"ಎಂತಕ್ಕೆ ಹೇಳ್ಲಿಕ್ಕೆ ಹೋದದ್ದು ಟೀಚರೇ?"

"ನಿಜ ಅಲ್ಲೇನ್ರಿ? ಅವತ್ತ ನೀವು ಯಾಕ ಹೇಳಲಿಲ್ಲ?"

ಅವರು ಕುತ್ತಿಗೆ ತುರಿಸಿಕೊಂಡರು. "ನಿಮ್ಮ ಮಗು ಅಲ್ಲೇ ಗೋಡೆಗೆ ನಿಂತಿತ್ತಲ್ಲ ಮಾರಾಯ್ರೆ. ಹೆದರಿ ಹೋಗಿತ್ತು ಪಾಪ. ಅದರ ಎದುರು ಎಂತ ಹೇಳುದು, ನಿನ್ನ ಅಮ್ಮ ನನ್ನನ್ನು ಮುಳುಗಿಸಿದ್ದು ಅಂತ?" ಎಂದು, ಅಷ್ಟಕ್ಕೇ ಮುಜುಗರವಾಗಿ, "ಹೋಗಿ ಹೋಗಿ, ಬಿಸಿಲುಂಟು," ಎಂದರು. ಮೆಟ್ಟಿಲ ಮೇಲೆ ಎಲ್ಲಿಯ ಬಿಸಿಲು!

ಕೆಳಗಿನ ತಿರುವಿನಲ್ಲಿ ಮೇಘಾ ಕಾಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ಅವತ್ತು ನಾ ಹೇಳಿದ್ದು ನಿನಗ ಕೇಳಿಸಿತ್ತೇನ?" ಎಂದೆ.

"ಆಫ್ ಕೋರ್ಸ್. ಐ ವಾಸ್ ರೈಟ್ ಬಿಹೈಂಡ್ ಯೂ."

"ಅದಕ್ಕೇ ನನ್ನ ಮ್ಯಾಲೆ ಬ್ಯಾಸರ ಆಗಿತ್ತೇನು?"

ಅವಳು ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ಯೋಚಿಸಿದಳು. ಮನೆಯಲ್ಲೂ ಅಪರೂಪಕ್ಕೆ ಆಡುವ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು. "ಅದಕ್ಕಲ್ಲ ಅಮ್ಮಾ. ತಪ್ಪು ಎಲ್ಲಾರೂ ಮಾಡ್ತಾರ. ಮನಿಗೆ ಬಂದ ಮ್ಯಾಲೆ ನೀ ಅಂಕಲ್ ಥರಾ ಮಾಡಿ ಮಾಡಿ ನಗ್ತಿದ್ದಿ. ಅವಾಗ ಆಗಿತ್ತು."

ಮೇಲಿನಿಂದ ಕರುಣಾಕರರ ನಗು, ಅದರ ಹಿಂದೆಯೇ ನಮ್ಮವರದು, ಕೇಳಿಸಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತು ನೋಡಿ ಅವಳೂ ಪಕ್ಕದಲ್ಲಿ ಕೂತಳು, ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

"ಈಗ?" ಎಂದೆ.

"ಈಗ ಓಕೆ," ಎಂದಳು. ಆಮೇಲೆ, ನನ್ನ ಕಡೆ ನೋಡದೆ, "ಆಲ್ಮೋಸ್ಟ್."